ಮೈಕ್ ಕಂಡರೂ ಪರವಾಗಿಲ್ಲ, ಹೀರೋ ಬರಲಿ

ಕೇಳುಗರಿಗೆಲ್ಲ ನಮಸ್ಕಾರ.

ಬ್ರೂಸ್ ಲೀ ನಟಿಸಿದ 'ಎಂಟರ್ ದಿ ಡ್ರ್ಯಾಗನ್' ನಿಮ್ಮಲ್ಲಿ ಸುಮಾರು ಜನ ನೋಡಿರುತ್ತೀರಿ. ಅದರಲ್ಲಿ ಒಬ್ಬ ಎತ್ತರದ ಕಪ್ಪು ಹುಡುಗ ಬರುತ್ತಾನೆ, ನೆನಪಿದೆಯಾ? ತಲೆ ತುಂಬ ಗುಂಗುರು ಕೂದಲು, ಬಾಯಿ ತುಂಬ ಚುರುಕು ಮಾತು. ಆ ಪಾತ್ರ ಮಾಡಿದವರು ಜಿಮ್ ಕೆಲ್ಲಿ. ಖಳನಾಯಕ ಅವನನ್ನು ನಡುವೆಯೇ ಕೊಂದುಬಿಡುತ್ತಾನೆ. ಆದರೆ ಮರುವರ್ಷ, 1974ರಲ್ಲಿ, ಅದೇ ನಿರ್ದೇಶಕ ರಾಬರ್ಟ್ ಕ್ಲೌಸ್ ಜಿಮ್ ಕೆಲ್ಲಿಯನ್ನೇ ನಾಯಕನನ್ನಾಗಿ ಮಾಡಿ 'ಬ್ಲ್ಯಾಕ್ ಬೆಲ್ಟ್ ಜೋನ್ಸ್' ತೆಗೆದರು. ಕೊನೆಯ ಹೊಡೆದಾಟ ಎಲ್ಲಿ ಅಂತೀರಿ? ಕಾರು ತೊಳೆಯುವ ಜಾಗದಲ್ಲಿ, ಸೋಪಿನ ನೊರೆಯ ಮಧ್ಯೆ!

ಇವತ್ತಿನ ಮಾತು ಇಂಥ ಸಿನಿಮಾಗಳ ಬಗ್ಗೆ. ಅಮೆರಿಕದಲ್ಲಿ ಇವನ್ನು 'ಬ್ಲ್ಯಾಕ್ಸ್‌ಪ್ಲಾಯಿಟೇಶನ್' ಅನ್ನುತ್ತಾರೆ. ಕಪ್ಪು ಜನರೇ ನಾಯಕ ನಾಯಕಿಯರು, ಹೆಚ್ಚಾಗಿ ಬಿಳಿಯ ಖಳರು, ಮೈ ಕುಣಿಸುವ ಫಂಕ್ ಸಂಗೀತ, ಮತ್ತು ಕೈಯಲ್ಲಿ ಕಾಸು ಕಡಿಮೆ.

ಶುರುವಾಗಿದ್ದು 1971ರಲ್ಲಿ. ಆಗ ಹಾಲಿವುಡ್‌ನ ದೊಡ್ಡ ಕಂಪನಿಗಳೇ ದುಡ್ಡಿಗೆ ಪರದಾಡುತ್ತಿದ್ದವು. ಬಿಳಿಯರು ಊರಾಚೆಯ ಬಡಾವಣೆಗಳಿಗೆ ಹೋಗಿದ್ದರು, ಊರೊಳಗಿನ ದೊಡ್ಡ ಟಾಕೀಸುಗಳು ಖಾಲಿ ಹೊಡೆಯುತ್ತಿದ್ದವು. ಅಷ್ಟರಲ್ಲಿ ಮೆಲ್ವಿನ್ ವ್ಯಾನ್ ಪೀಬಲ್ಸ್ ಯಾವ ಸ್ಟುಡಿಯೊ ಹಂಗೂ ಇಲ್ಲದೆ ಒಂದು ಚಿತ್ರ ತೆಗೆದರು. ಮೊದಲು ಬಿಡುಗಡೆಯಾಗಿದ್ದು ಎರಡೇ ಟಾಕೀಸಿನಲ್ಲಿ. ಜನ ಮುಗಿಬಿದ್ದರು. ಅದೇ ವರ್ಷ 'ಶಾಫ್ಟ್' ಬಂತು. ಅದರ ಹಾಡಿಗೆ ಐಸಾಕ್ ಹೇಯ್ಸ್ ಆಸ್ಕರ್ ಗೆದ್ದರು. ಇನ್ನೇನು, ಎಲ್ಲರೂ ಇದೇ ದಾರಿ ಹಿಡಿದರು. ಒಂದು ಗೆದ್ದರೆ ಅದಕ್ಕೊಂದು ಎರಡನೇ ಭಾಗ.

ಈ ಎರಡನೇ ಭಾಗಗಳ ಕಥೆಯೇ ನನಗೆ ಜಾಸ್ತಿ ಇಷ್ಟ. 1973ರಲ್ಲಿ ಲ್ಯಾರಿ ಕೋಹೆನ್ ನಿರ್ದೇಶಿಸಿದ 'ಬ್ಲ್ಯಾಕ್ ಸೀಸರ್' ಓಡಿತು. ನಾಯಕ ಫ್ರೆಡ್ ವಿಲಿಯಮ್ಸನ್, ಮೊದಲು ಫುಟ್‌ಬಾಲ್ ಆಟಗಾರರಾಗಿದ್ದವರು. ಅದೇ ವರ್ಷ ಎರಡನೆಯದು ಬೇಕು ಅಂತ ಕಂಪನಿಯವರ ಹಟ. ಆದರೆ ಕೋಹೆನ್ ಆಗ ಒಂದು ದೆವ್ವದಂಥ ಮಗುವಿನ ಚಿತ್ರ ತೆಗೆಯುತ್ತಿದ್ದರು. ವಿಲಿಯಮ್ಸನ್ ಲಾಸ್ ಏಂಜಲೀಸ್‌ನಲ್ಲಿ ಬೇರೊಂದು ಚಿತ್ರದಲ್ಲಿದ್ದರು. ಸರಿ, ವಾರವೆಲ್ಲ ಆ ಕೆಲಸ, ಶನಿವಾರ ಭಾನುವಾರ ಈ ಕೆಲಸ. ನ್ಯೂಯಾರ್ಕಿನ ಬೀದಿಗಳಲ್ಲಿ ನಾಯಕನ ಬದಲಿಗೆ ಒಬ್ಬ ಡೂಪ್ ಓಡಿದ. ಬೆನ್ನು ಅವನದು, ಮುಖ ವಿಲಿಯಮ್ಸನ್ ಅವರದು. ಎರಡನ್ನೂ ಅಂಟಿಸಿ 'ಹೆಲ್ ಅಪ್ ಇನ್ ಹಾರ್ಲೆಮ್' ಅಂತ ಬಿಡುಗಡೆ ಮಾಡಿಯೇಬಿಟ್ಟರು. ಇದು ಗೊತ್ತಾದ ಮೇಲೆ ಆ ಚಿತ್ರವನ್ನು ನೆಟ್ಟಗೆ ನೋಡುವುದಕ್ಕೇ ಆಗಲ್ಲ. ಕಣ್ಣು ಬೆನ್ನನ್ನೇ ಹುಡುಕುತ್ತದೆ!

ಪ್ಯಾಮ್ ಗ್ರಿಯರ್ ಅವರದು ಇನ್ನೊಂದು ತಮಾಷೆ. 'ಕಾಫಿ' ಚಿತ್ರದಲ್ಲಿ ಅವರು ನರ್ಸ್. ಕೂದಲೊಳಗೆ ಬ್ಲೇಡುಗಳನ್ನು ಬಚ್ಚಿಟ್ಟುಕೊಂಡಿರುತ್ತಾರೆ. ಜುಟ್ಟು ಹಿಡಿಯಲು ಬಂದವಳ ಕೈಗೆ ರಕ್ತ. ಇದರ ಮುಂದಿನ ಭಾಗ ಎಂದೇ 1974ರ ಚಿತ್ರಕ್ಕೆ ಕಥೆ ಬರೆದಿದ್ದರು. ಎರಡನೇ ಭಾಗಗಳು ಓಡುತ್ತಿಲ್ಲ ಅಂತ ಕೊನೆ ಗಳಿಗೆಯಲ್ಲಿ ಕಂಪನಿ ಮನಸ್ಸು ಬದಲಿಸಿತು. ನಾಯಕಿಯ ಹೆಸರು 'ಫಾಕ್ಸಿ ಬ್ರೌನ್' ಆಯಿತು. ನರ್ಸ್ ಕೆಲಸ ಹೋಯಿತು, ಬದಲಿಗೆ ಬೇರೆ ಕೆಲಸ ಕೊಡುವುದನ್ನೇ ಮರೆತರು. ಇಡೀ ಚಿತ್ರದಲ್ಲಿ ಆಕೆ ಹೊಟ್ಟೆಪಾಡಿಗೆ ಏನು ಮಾಡುತ್ತಾಳೆ ಅಂತ ತಿಳಿಯುವುದೇ ಇಲ್ಲ. ಆದರೆ ಈ ಸಲ ಕೂದಲಿನಿಂದ ಪಿಸ್ತೂಲೇ ಹೊರಗೆ ಬರುತ್ತದೆ. ನೋಡುತ್ತಾ ಕೂತರೆ ಕೆಲಸದ ವಿಚಾರ ಯಾರಿಗೂ ಹೊಳೆಯಲ್ಲ ಬಿಡಿ. ಗ್ರಿಯರ್ ಅವರ ನಿಲುವೇ ಹಾಗೆ.

ದುಡ್ಡು ಬಂದ ಮೇಲೆ ಮುಂದಿನ ಭಾಗಗಳಲ್ಲಿ ಕೆಲವು ನಾಯಕ ನಾಯಕಿಯರು ವಿಮಾನ ಹತ್ತಿದರು. ಶಾಫ್ಟ್ ಆಫ್ರಿಕಾಕ್ಕೆ ಹೋದ. ಅದೇ ಹೆಸರಿನ ಚಿತ್ರದ ನಾಯಕಿ ಕ್ಲಿಯೋಪಾತ್ರಾ ಜೋನ್ಸ್ ಹಾಂಗ್‌ಕಾಂಗಿಗೆ ಹೋದಳು. 'ಸೂಪರ್ ಫ್ಲೈ' ನಾಯಕ ರೋಮ್‌ಗೆ ಹೋಗಿ ಕೂತ. ಆ ಕೊನೆಯದಕ್ಕೆ ಚಿತ್ರಕಥೆ ಬರೆದವರು ಅಲೆಕ್ಸ್ ಹೇಲಿ, ಮುಂದೆ 'ರೂಟ್ಸ್' ಬರೆದು ಹೆಸರಾದವರು. ಏನು ಮಾಡಿದರೂ ಅದು ಏಳಲಿಲ್ಲ. ತಮ್ಮ ಬೀದಿ ಬಿಟ್ಟರೆ ಈ ನಾಯಕರು ಸಪ್ಪೆ, ನನ್ನ ಮಟ್ಟಿಗಂತೂ.

ಬಯ್ದವರೂ ಇದ್ದರು, ಕಾರಣವೂ ಇತ್ತು. ಮಾದಕವಸ್ತು ಮಾರುವವನನ್ನು ನಾಯಕ ಮಾಡಿದ್ದೀರಿ, ಲಾಭವನ್ನು ಬಿಳಿಯ ನಿರ್ಮಾಪಕರು ಎಣಿಸುತ್ತಿದ್ದಾರೆ ಎಂದು ಕಪ್ಪು ಜನರ ಹಕ್ಕಿನ ಸಂಘಟನೆಗಳೇ 1972ರಲ್ಲಿ ಗಟ್ಟಿಯಾಗಿ ಹೇಳಿದವು. ನಟರಿಗೋ ಬೇರೆ ಚಿಂತೆ, ಇದು ನಿಂತರೆ ಕೆಲಸ ಎಲ್ಲಿ ಅಂತ. ದಶಕ ಮುಗಿಯುವ ಮೊದಲೇ ನಿಂತೂ ಹೋಯಿತು.

ಈಗ ನನ್ನ ಮೆಚ್ಚಿನವರ ಹತ್ತಿರ ಬರುತ್ತೇನೆ. ರೂಡಿ ರೇ ಮೂರ್. ಲಾಸ್ ಏಂಜಲೀಸ್‌ನ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹಾಸ್ಯಗಾರ. ಮನೆಮಠವಿಲ್ಲದ ಒಬ್ಬನ ಬಾಯಲ್ಲಿ ಡೋಲಮೈಟ್ ಎಂಬ ಜಗಭಂಡನ ಕಥೆ ಕೇಳಿ, ಪ್ರಾಸ ಕಟ್ಟಿ ಬಯ್ಯುವುದನ್ನೇ ಕಸುಬು ಮಾಡಿಕೊಂಡರು. ಆ ದುಡ್ಡನ್ನು ಸುರಿದು 1975ರಲ್ಲಿ 'ಡೋಲಮೈಟ್' ಚಿತ್ರ ತಂದರು. ವಯಸ್ಸು ಐವತ್ತರ ಹತ್ತಿರ, ಹೊಟ್ಟೆ ಮುಂದೆ, ಕುಂಗ್‌ಫು ಬಾರದು. ಒದ್ದರೆ ಕಾಲು ಎದುರಾಳಿಗೆ ತಗಲುವುದಿಲ್ಲ. ಆದರೂ ಎದುರಾಳಿ ಬೀಳುತ್ತಾನೆ. ಮೂರ್ ಅವರ ಮುಖದಲ್ಲಿ ಮಾತ್ರ ಒಂದು ಚೂರೂ ಅಳುಕಿಲ್ಲ.

ಈ ಚಿತ್ರದಲ್ಲಿ ಮಾತು ಹಿಡಿಯುವ ಮೈಕ್ ಮೇಲಿನಿಂದ ಇಣುಕುತ್ತದೆ ಅಂತ ದಶಕಗಟ್ಟಲೆ ಜನ ನಕ್ಕರು. ಪಾಪ, ಕ್ಯಾಮೆರಾದವರದು ಅಷ್ಟೇನೂ ತಪ್ಪಿಲ್ಲ. ಫಿಲಂನಲ್ಲಿ ಮೂಡಿದ ಚಿತ್ರದ ಮೇಲೆ ಕೆಳಗೆ ಒಂದಿಷ್ಟು ಜಾಗವನ್ನು ತೋರಿಸುವಾಗ ಮರೆಮಾಡಬೇಕು. ವಿಡಿಯೊ ಕ್ಯಾಸೆಟ್ ಮಾಡುವಾಗ ಮರೆಮಾಡದೆ ಎಲ್ಲ ತೋರಿಸಿಬಿಟ್ಟರು. 2016ರಲ್ಲಿ ಬ್ಲೂ-ರೇ ಬಂದಾಗ ಇದನ್ನು ಸರಿಪಡಿಸಿದರು. ಜೊತೆಗೆ ಮೈಕ್ ಕಾಣುವ ಪ್ರತಿಯನ್ನೂ ಇಟ್ಟರು! ಅದಕ್ಕೂ ಅಭಿಮಾನಿಗಳಿದ್ದಾರಲ್ವಾ?

ಎರಡನೇ ಭಾಗ 'ದಿ ಹ್ಯೂಮನ್ ಟೊರ್ನೇಡೊ', 1976ರದು. ಶೆರಿಫ್‌ನ ಹೆಂಡತಿಯ ಜೊತೆ ಸಿಕ್ಕಿಬಿದ್ದ ಡೋಲಮೈಟ್ ಬರಿಮೈಯಲ್ಲಿ ಓಡಿ ಗುಡ್ಡದ ಇಳಿಜಾರಿಗೆ ಹಾರುತ್ತಾನೆ. ತಕ್ಷಣ ಚಿತ್ರ ನಿಲ್ಲುತ್ತದೆ. ನಾನು ನಿಜವಾಗಿ ಹಾರಿದೆ ಅಂತ ನಿಮಗೆ ನಂಬಿಕೆ ಇಲ್ಲವಾ, ಹಾಗಾದರೆ ಮತ್ತೊಮ್ಮೆ ನೋಡಿ ಎಂದು ಮೂರ್ ಅವರ ದನಿ ಸವಾಲು ಹಾಕುತ್ತದೆ. ಅದೇ ಜಿಗಿತ ಇನ್ನೊಮ್ಮೆ ತೆರೆಯ ಮೇಲೆ ಬರುತ್ತದೆ. ಡೂಪ್‌ಗೆ ಕೊಡಲು ಕಾಸಿಲ್ಲದವರು ಅದನ್ನೇ ಹೆಮ್ಮೆ ಮಾಡಿಕೊಂಡು ನಮ್ಮನ್ನು ನಗಿಸುತ್ತಾರೆ. ಈ ಗುಂಪಿನಲ್ಲಿ ಒಂದೇ ಒಂದು ನೋಡುವುದಾದರೆ ಇದನ್ನು ನೋಡಿ. ಆದರೆ ಬೈಗುಳ ಧಾರಾಳವಾಗಿದೆ. ಮನೆಯಲ್ಲಿ ಹಿರಿಯರು, ಮಕ್ಕಳು ಮಲಗಿದ ಮೇಲೆ ಹಾಕಿಕೊಳ್ಳಿ, ಟಿವಿ ಸದ್ದು ಸ್ವಲ್ಪ ತಗ್ಗಿಸಿ.

ನಮಸ್ಕಾರ.