ಕುರುವಾಯಿಗೆ ಮನೆ ಕಟ್ಟಿಕೊಟ್ಟದ್ದು ಯಾರು?

ಎಲ್ಲರಿಗೂ ನಮಸ್ಕಾರ. ಇವತ್ತು ಎರಡು ಜೀವಗಳ ವಿಷಯ. ಒಂದು ನಿಮ್ಮ ತೆಂಗಿನ ಸುಳಿ ಕೊರೆಯುವ ದುಂಬಿ, ಕುರುವಾಯಿ. ಇನ್ನೊಂದು ಮಧುಕಾ ಇನ್ಸಿಗ್ನಿಸ್ ಅಂತ, ನಮ್ಮ ಹಿಪ್ಪೆಯ ಜಾತಿಗೆ ಸೇರಿದ ಹೊಳೆಬದಿಯ ಮರ. ಇದನ್ನು ನೂರು ವರ್ಷಕ್ಕಿಂತ ಹೆಚ್ಚು ಕಾಲ ಯಾರೂ ಕಾಣ್ಲಿಲ್ಲ, ನಿರ್ನಾಮ ಆಯ್ತು ಅಂತಲೇ ಲೆಕ್ಕ ಹಾಕಿದ್ರು, ಆಮೇಲೆ ಸಿಕ್ಕಿದ್ದು ಎಲ್ಲಿ, ನಮ್ಮ ಕುಮಾರಧಾರಾ ಹೊಳೆಯ ದಂಡೆಯಲ್ಲೇ! ಒಂದು ಬೇಡ ಅಂದ್ರೂ ಹೆಚ್ಚಾಗ್ತದೆ, ಇನ್ನೊಂದು ಬೇಕು ಅಂದ್ರೂ ಉಳಿಯುವುದು ಕಷ್ಟ. ಯಾಕೆ? ಮನೆ. ನಾನು ಹೇಳ್ಲಿಕ್ಕಿರುವುದು ಅದೊಂದೇ.

ಮೂಡುಬಿದಿರೆ ಕಡೆ ಒಬ್ಬರ ತೋಟಕ್ಕೆ ಹೋಗಿದ್ದೆ. ಗರಿಯೆಲ್ಲ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಆಗಿತ್ತು. "ಮದ್ದು ಬಿಟ್ಟು ಬಿಟ್ಟು ಸಾಕಾಯ್ತು ಸರ್, ಸ್ಟ್ರಾಂಗ್ ಮದ್ದು ಯಾವುದಾದ್ರೂ ಉಂಟಾ" ಅಂತ ಕೇಳಿದ್ರು. ನಾನು ಮರ ನೋಡುವುದು ಬಿಟ್ಟು ಸೀದಾ ಹಟ್ಟಿ ಹಿಂದೆ ಹೋದೆ, ಅಲ್ಲಿ ಹೋದ ವರ್ಷದ ಗೊಬ್ಬರ ಹಾಗೇ ಗುಂಡಿಯಲ್ಲಿತ್ತು, ಪಕ್ಕದಲ್ಲಿ ಸಿಡಿಲು ಬಡಿದು ಕಡಿದು ಹಾಕಿದ ತೆಂಗಿನ ಕಾಂಡ ಕೊಳೀತಾ ಬಿದ್ದಿತ್ತು. ಪಿಕ್ಕಾಸು ತರಿಸಿ ಕಾಂಡ ಒಡೆಸಿದೆ. ಒಳಗೆ ಹೆಬ್ಬೆರಳು ದಪ್ಪದ ಬಿಳಿ ಹುಳಗಳು, ಕುರುವಾಯಿಯ ಮರಿಗಳೇ, ಮುದುಡಿಕೊಂಡು, ಒಂದರ ಪಕ್ಕ ಒಂದು! ಮನೆಯವರೆಲ್ಲ ಓಡಿ ಬಂದ್ರು, ಅಜ್ಜಿ ಮಾತಾಡದೆ ಹೋಗಿ ಕೋಳಿಗಳನ್ನು ಬಿಟ್ರು, ಅವುಗಳಿಗೆ ಹಬ್ಬ. ನೋಡಿ, ಕುರುವಾಯಿ ತೆಂಗಿನ ಮರಕ್ಕೆ ಬರುವುದು ಊಟಕ್ಕೆ ಮಾತ್ರ. ಮೊಟ್ಟೆ ಇಡುವುದು ಗೊಬ್ಬರದಲ್ಲಿ, ಕೊಳೆತ ಮರದಲ್ಲಿ, ನೀವು ಕಟ್ಟಿಕೊಟ್ಟ ಮನೆಯಲ್ಲಿ. ಇದನ್ನು ಎಷ್ಟು ಸಲ ಹೇಳಿದ್ರೂ ಜನ ಮದ್ದಿನ ಅಂಗಡಿಗೇ ಹೋಗ್ತಾರೆ, ದಯವಿಟ್ಟು ಮೊದಲು ಹಟ್ಟಿ ಹಿಂದೆ ಹೋಗಿ.

ಈಗ ಆ ಮರ. ಕುರುವಾಯಿಗೆ ಯಾರ ಗೊಬ್ಬರ ಗುಂಡಿಯಾದ್ರೂ ಆದೀತು, ಒಂದು ಕಡೆ ಖಾಲಿ ಮಾಡಿದ್ರೆ ಹಾರಿ ಇನ್ನೊಂದು ಕಡೆ ಹೋಗ್ತದೆ. ಮಧುಕಾಕ್ಕೆ ಹೊಳೆಯ ದಂಡೆಯೇ ಬೇಕು, ಮಳೆಗಾಲದ ನೆರೆ ಮುಟ್ಟಿ ಹೋಗುವ ಆ ಜಾಗವೇ ಬೇಕು. ದಂಡೆ ಕಡಿದು ಕಲ್ಲು ಕಟ್ಟಿದ್ರೆ ಅದಕ್ಕೆ ಎದ್ದು ಹೋಗ್ಲಿಕ್ಕೆ ಕಾಲು ಉಂಟಾ ಮಾರಾಯ್ರೆ? ಇಲ್ಲಿಯೂ ಮನೆಯದ್ದೇ ಪ್ರಶ್ನೆ.

ಟೈಮ್ ಆಗ್ತಾ ಬಂತು. ಹಸಿರು ಶಿಲೀಂಧ್ರ ಮೆಟಾರೈಜಿಯಂ ಅಂತ ಉಂಟು, ಗೊಬ್ಬರ ಗುಂಡಿಗೆ ಹಾಕಿದ್ರೆ ಕುರುವಾಯಿಯ ಮರಿಹುಳಕ್ಕೆ ರೋಗ ಬಂದು ಸಾಯ್ತದೆ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಕುಮಾರಧಾರಾ ಬದಿ ಜಾಗ ಇರುವವರು ದಂಡೆಯ ಮರಕ್ಕೆ ಕತ್ತಿ ಹಾಕುವ ಮೊದಲು, ಗಿಡಮರದ ಗುರುತು ಇರುವವರನ್ನು ಒಮ್ಮೆ ಕರೆದು ತೋರಿಸಿ. ನಮಸ್ಕಾರ.