ಆ ಆಟದ ರಾಕ್ಷಸ, ಈ ಆಟದ ರಾಕ್ಷಸ

[ದೃಶ್ಯ: ಶಿರಸಿ ಹತ್ತಿರದ ಬಯಲು, ರಾತ್ರಿ. ಚಂಡೆ ಸದ್ದು]

ನಮಸ್ಕಾರ. ನಮ್ಮ ಶಿರಸಿ ಕಡೆ "ರಾತ್ರಿ ಆಟ ಇದೆ" ಅಂದರೆ ಯಕ್ಷಗಾನ. ಮಕ್ಕಳಿಗೆ ಆಟ ಅಂದರೆ ಮೊಬೈಲಿನದ್ದೂ ಹೌದು. ಎರಡರಲ್ಲೂ ರಾಕ್ಷಸ ಇದ್ದಾನೆ.

ನಮ್ಮ ಯಕ್ಷಗಾನದ ರಾಕ್ಷಸ, ಅಂದರೆ ಬಣ್ಣದ ವೇಷ ನೆನಪಿಸಿಕೊಳ್ಳಿ. ಇಬ್ಬರು ತೆರೆ ಹಿಡಿದಿರುತ್ತಾರೆ. ಮೊದಲು ಕಿರೀಟದ ತುದಿ ಕಾಣುತ್ತದೆ. ಆಮೇಲೆ ಬಣ್ಣ ಬಳಿದ ಮುಖ. ಒಂದು ಆರ್ಭಟ ಕೇಳಿದರೆ ಸಾಕು, ಮುಂದೆ ಕೂತ ಮಕ್ಕಳು ಅಮ್ಮನ ಸೆರಗು ಹುಡುಕುತ್ತಾರೆ.

[ದೃಶ್ಯ: ಹುಲಿ ತಲೆಯ ರಾಕ್ಷಸನ ಚಿತ್ರ]

ಇವನ ಹೆಸರೂ ರಾಕ್ಷಸನೇ. ಮೊಬೈಲಿಗೂ ಮುಂಚೆ, ಅಮೆರಿಕದಲ್ಲಿ 1974ರಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದವನು. ಅದು ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದು ಪಾತ್ರವಾಗಿ ಮಾತಾಡುತ್ತ, ದಾಳ ಉರುಳಿಸಿ ಆಡುವ ಆಟ. ಆ ಆಟದ 1977ರ ಪುಸ್ತಕದಲ್ಲಿ ಇವನಿಗೆ ಹುಲಿಯ ತಲೆ, ಕೈಯಲ್ಲಿ ಪೈಪು! ಮಂತ್ರಿಸಿದ ಬಾಣ ತಗುಲಿದರೆ ಸಾಯುತ್ತಾನೆ. 1974ರ 'ಕೋಲ್ಚಾಕ್' ಎಂಬ ಟಿವಿ ಧಾರಾವಾಹಿಯಲ್ಲೂ ರಾಕ್ಷಸನೊಬ್ಬ ಅಂಥದ್ದೇ ಬಾಣಕ್ಕೆ ಸತ್ತಿದ್ದ. ಹೆಸರು ನಮ್ಮ ಪುರಾಣದ್ದು, ಸಾವು ಟಿವಿಯದ್ದು.

ಕತೆಯಲ್ಲಿ "ಅವನನ್ನು ಕೊಲ್ಲುವುದು ಕಷ್ಟ" ಅಂದರೆ ನಡೆಯುತ್ತದೆ. ಆಟಕ್ಕೆ ಅಷ್ಟು ಸಾಲದು. ಯಾವ ಆಯುಧ? ದಾಳ ಎಷ್ಟು ಬೀಳಬೇಕು? ಎಲ್ಲಕ್ಕೂ ಲೆಕ್ಕ ಬೇಕು.

ಅಮೆರಿಕದ ಲೇಖಕ ಜ್ಯಾಕ್ ವಾನ್ಸ್ 1950ರಲ್ಲಿ ಪ್ರಕಟಿಸಿದ ಕತೆಗಳಲ್ಲಿ ಮಾಂತ್ರಿಕನ ತಲೆಯಲ್ಲಿ ಕೆಲವೇ ಮಂತ್ರ ಹಿಡಿಯುತ್ತವೆ. ಹೇಳಿದ ಕೂಡಲೇ ಮರೆತೂ ಹೋಗುತ್ತವೆ. ಈ ಆಟ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅದನ್ನೇ ನಿಯಮ ಮಾಡಿದರು: ದಿನಕ್ಕೆ ಇಷ್ಟೇ ಮಂತ್ರ. ನನಗೆ ಕರ್ಣ ನೆನಪಾಗುತ್ತಾನೆ. ಬೇಕಾದಾಗಲೇ ಅಸ್ತ್ರ ಮರೆತವನು. ಅವನಿಗೆ ಅದು ಶಾಪ, ನೋಡುವ ನಮಗೆ ಕಣ್ಣೀರು. ಆಟದಲ್ಲಿ ಮಾತ್ರ ಮರೆವೂ ಒಂದು ಲೆಕ್ಕ.

[ದೃಶ್ಯ: ತಾಳಮದ್ದಳೆ]

ಆಟದಿಂದ ಕತೆಗೆ ವಾಪಸ್ ಬಂದದ್ದು ನನಗೆ ಇನ್ನೂ ಜಾಸ್ತಿ ಇಷ್ಟ. ತಾಳಮದ್ದಳೆ ನೋಡಿದ್ದೀರಲ್ವಾ? ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಪಾತ್ರವಾಗಿ ಮಾತು. ಪ್ರಸಂಗ ಎಲ್ಲರಿಗೂ ಗೊತ್ತು, ಅರ್ಥಧಾರಿಯ ಮಾತು ಮಾತ್ರ ಅವತ್ತಿನದು. 1986ರಲ್ಲಿ ಜಪಾನಿನ ಕೆಲವರು ಹೀಗೇ ಕೂತು ಪಾತ್ರವಾಗಿ ಮಾತಾಡುತ್ತ ಇದೇ ಆಟ ಆಡಿದರು. ಆಡಿದ ಮಾತು 'ಕಂಪ್ಟಿಕ್' ಪತ್ರಿಕೆಯಲ್ಲಿ ಅಚ್ಚಾಯಿತು. ಅದರಿಂದಲೇ ರ್ಯೋ ಮಿಜುನೋ 1988ರಲ್ಲಿ ಲೋಡೋಸ್ ಕಾದಂಬರಿ ತಂದರು.

ಅದರಲ್ಲಿ ಡೀಡ್ಲಿಟ್ ಎಂಬ ಎಲ್ಫ್ ಹುಡುಗಿ ಇದ್ದಾಳೆ. ಎಲ್ಫ್ ಅಂದರೆ ಪಾಶ್ಚಾತ್ಯ ಕತೆಗಳಲ್ಲಿ ಬರುವ, ನಮ್ಮ ಯಕ್ಷರಂಥ ಜೀವಿ. ಚಿತ್ರಗಾರ ಯುಟಾಕಾ ಇಜುಬುಚಿ ಅವಳಿಗೆ ತುಂಬಾ ಉದ್ದದ ಕಿವಿ ಬರೆದರು. ಮುಂದೆ ಜಪಾನಿನ ಎಷ್ಟೋ ಆಟಗಳ ಎಲ್ಫ್‌ಗಳಿಗೆ ಬಂದದ್ದು ಆ ಕಿವಿಯೇ.

[ದೃಶ್ಯ: ತೆರೆ ಸರಿಯುತ್ತದೆ]