ತೋಳಿನ ಸರ್ಜರಿ ಆಗಿ 23ನೇ ದಿನ: ಜಡೆ ಅಮ್ಮ ಹಾಕಿದ್ದು, ಬಿಲ್ ನಾನು ಕಟ್ಟಿದ್ದು

ನಮಸ್ಕಾರ. ಹಿಂದೆ ಕೇಳಿಸುತ್ತಿರುವುದು ಕುಕ್ಕರ್ ಸದ್ದು, ಸಹಿಸಿಕೊಳ್ಳಿ. ಜನವರಿ ತಿಂಗಳು, ಬಸವನಗುಡಿ ಮನೆ, ಅವರೆಕಾಳು ಬೇಯದೆ ಇರುತ್ತದಾ.

ಈ ಶಾಟ್‌ನಲ್ಲಿ ಅಮ್ಮ ನನಗೆ ತಲೆ ಬಾಚುತ್ತಿದ್ದಾರೆ. ನನಗೆ 41 ವರ್ಷ. ಸ್ಕೂಲಿಗೆ ಹೊರಟ ಹುಡುಗಿ ತರ ನೆಲದ ಮೇಲೆ ಕೂತಿದ್ದೇನೆ, ಅಮ್ಮ ಎಣ್ಣೆ ಜಾಸ್ತಿ ಸುರಿದರೂ ತಡೆಯೋಕೆ ಕೈ ಎತ್ತುವಂತಿಲ್ಲ. ಭುಜಕ್ಕಿಂತ ಮೇಲೆ ಕೈ ಹೋಗಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಜಡೆ, ಕ್ಲಿಪ್, ಮೇಲಿನ ಕಪಾಟಿನ ಡಬ್ಬ, ಒಗೆದ ಬಟ್ಟೆ ತಂತಿಗೆ ಹಾಕುವುದು, ಎಲ್ಲ ಬಂದ್. ಸರ್ಜರಿಗೆ ಮುಂಚೆ ನೋವಿನ ಬಗ್ಗೆ ನೂರು ಪ್ರಶ್ನೆ ಕೇಳಿದೆ. ತಲೆ ಯಾರು ಬಾಚುತ್ತಾರೆ ಅಂತ ಒಂದು ಸಲವೂ ಯೋಚಿಸಲಿಲ್ಲ ನೋಡಿ. ಒಬ್ಬರೇ ಪಿಜಿಯಲ್ಲಿ ಇರುವವರು ಮೊದಲು ಅದನ್ನು ಯೋಚಿಸಿ.

ಹೊಸಬರಿಗೆ ಹಳೇ ಕತೆ ಬೇಗ ಹೇಳಿಬಿಡುತ್ತೇನೆ. 96 ಕೆಜಿ ಇದ್ದೆ, ಎರಡೂವರೆ ವರ್ಷದಲ್ಲಿ 65ಕ್ಕೆ ಬಂದೆ. ತೂಕ ಇಳಿಯಿತು. ತೋಳಿನ ಚರ್ಮವೂ ಇಳಿಯಿತು, ಆದರೆ ಕೆಳಕ್ಕೆ. ಖಾಲಿ ಚೀಲದ ತರ ಜೋತು ಬಿತ್ತು. ಡಂಬಲ್ ಎತ್ತು ಅಂತ ಕಮೆಂಟ್ ಹಾಕಿದವರೇ, ಎತ್ತಿದೆ, ಒಂದು ವರ್ಷ ಎತ್ತಿದೆ. ಒಳಗೆ ಮಾಂಸಖಂಡ ಬೆಳೆಯಿತು, ಹೊರಗಿನ ಚರ್ಮ ಮಾತ್ರ ಹಾಗೇ ಇತ್ತು. ವರ್ಷಗಟ್ಟಲೆ ಹಿಗ್ಗಿದ ಚರ್ಮ ಹಳೇ ಸೊಂಟದ ಎಲಾಸ್ಟಿಕ್ ಇದ್ದ ಹಾಗೆ, ವ್ಯಾಯಾಮದಿಂದ ಅದು ವಾಪಸ್ ಬಿಗಿಯಾಗುವುದಿಲ್ಲ. ಬೇಸಿಗೆಯಲ್ಲಿ ಆ ಮಡಿಕೆಯಲ್ಲಿ ಬೆವರು ನಿಂತು ಕೆಂಪಗೆ ಗಂಧೆ ಏಳುತ್ತಿತ್ತು. ಅಷ್ಟೇ ಕಾರಣ. ಅಷ್ಟೇ ಅಲ್ಲ, ಸುಳ್ಳು ಯಾಕೆ ಹೇಳಲಿ, ಫೋಟೋದಲ್ಲಿ ಕೆಟ್ಟದಾಗಿ ಕಾಣುತ್ತಿತ್ತು.

ಇದು ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್. ಜಯನಗರಕ್ಕೆ ಫಾಲೋಅಪ್‌ಗೆ ಹೊರಟಿದ್ದೇನೆ, ಮೂರೇ ಸ್ಟಾಪ್. ಆಟೋ ಯಾಕಿಲ್ಲ ಅಂದರೆ ಪ್ರತಿ ಹಂಪ್‌ಗೂ ಕಂಕುಳ ಹತ್ತಿರ ಚುರ್ ಅನ್ನುತ್ತದೆ. ಮೆಟ್ರೋದಲ್ಲಿ ಬೇರೆ ಕಷ್ಟ, ಮೇಲಿನ ಹಿಡಿ ಹಿಡಿಯುವಂತಿಲ್ಲ. ಸೊಂಟದ ಎತ್ತರದಲ್ಲಿ ಕಂಬ ಹಿಡಿದುಕೊಂಡು ನಿಂತಿದ್ದೇನೆ. ಚೂಡಿದಾರದ ಉದ್ದ ತೋಳಿನೊಳಗೆ ಎಲ್ಲ ಮುಚ್ಚಿದೆ, ಸೀಟು ಕೊಡಿ ಅಂತ ಯಾವ ಬಾಯಲ್ಲಿ ಕೇಳಲಿ.

ಸರಿ, ಸರ್ಜರಿ ವಿಷಯ. ಹೆಸರು ಬ್ರೇಕಿಯೋಪ್ಲಾಸ್ಟಿ. ಕಂಕುಳಿಂದ ಮೊಣಕೈವರೆಗೆ ತೋಳಿನ ಒಳಭಾಗದಲ್ಲಿ ಜಾಸ್ತಿ ಇರುವ ಚರ್ಮ, ಅದರ ಕೆಳಗಿನ ಕೊಬ್ಬು ತೆಗೆದು ಹೊಲಿಯುತ್ತಾರೆ. ಪೂರ್ತಿ ಅರಿವಳಿಕೆ ಕೊಟ್ಟರು, ಸುಮಾರು ಮೂರು ಗಂಟೆ ಹಿಡಿಯಿತು, ಒಂದು ರಾತ್ರಿ ಅಲ್ಲೇ ಇದ್ದೆ. ಗುರುತಿನ ಬಗ್ಗೆ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಕಂಕುಳಿಂದ ಮೊಣಕೈ ಹತ್ತಿರದವರೆಗೆ ಒಂದು ಗೆರೆ. ಎರಡೂ ಕೈಗೆ. ಅದು ಹೋಗುವುದಿಲ್ಲ. ಈಗ ಕೆಂಪಗೆ ದಪ್ಪಗಿದೆ, ಬಣ್ಣ ಇಳಿಯೋಕೆ ಒಂದು, ಒಂದೂವರೆ ವರ್ಷ ಬೇಕು, ಇಳಿದ ಮೇಲೂ ಗೆರೆ ಇರುತ್ತದೆ. ಚರ್ಮ ಸ್ವಲ್ಪವೇ ಸಡಿಲ ಇದ್ದವರಿಗೆ ಕಂಕುಳಲ್ಲೇ ಮುಗಿಯುವ ಚಿಕ್ಕ ಗೆರೆ ಸಾಕಾಗಬಹುದು, ನನ್ನಷ್ಟು ತೂಕ ಇಳಿಸಿದವರಿಗೆ ಅದು ಸಾಲುವುದಿಲ್ಲ.

ಡಾಕ್ಟರ್ ಮೊದಲನೇ ಸಲ ತೋಳನ್ನೇ ನೋಡಲಿಲ್ಲ, ಕಿವಿ ನೋಡಿದರು. ಚುಚ್ಚಿಸಿದ ಜಾಗದಲ್ಲಿ ಯಾವತ್ತಾದರೂ ಗಂಟು ಬಂದಿತ್ತಾ ಅಂದರು. ನಮ್ಮಂಥ ಕಂದು ಚರ್ಮದವರಿಗೆ ಗಾಯದ ಗುರುತು ಉಬ್ಬಿ ಕೀಲಾಯ್ಡ್ ಆಗುವ ಸಾಧ್ಯತೆ ಜಾಸ್ತಿಯಂತೆ. ನನಗೆ ಬಂದಿರಲಿಲ್ಲ, ಬದುಕಿದೆ. ಗಾಯ ಪೂರ್ತಿ ಮುಚ್ಚಿಕೊಂಡ ಮೇಲೆ ಸಿಲಿಕಾನ್ ಜೆಲ್ ಹಚ್ಚಬೇಕು, ಬಿಸಿಲಿಗೆ ತೋರಿಸಬಾರದು. ಸ್ಲೀವ್‌ಲೆಸ್ ಹಾಕುವ ಆಸೆಗೆ ಮಾತ್ರ ಮಾಡಿಸಬೇಡಿ. ಕೈ ಎತ್ತಿ ಟಾಟಾ ಮಾಡಿದರೆ ಇಡೀ ಗೆರೆ ಕಾಣುತ್ತದೆ.

ಇದಕ್ಕೂ ಮುಂಚೆ ಇನ್ನೊಂದು ಕಡೆ ಹೋಗಿದ್ದೆ, ಹೆಸರು ಬೇಡ. ಡಾಕ್ಟರ್ ಬರಲೇ ಇಲ್ಲ. ಕೌನ್ಸೆಲರ್ ಅಂತ ಒಬ್ಬ ಹುಡುಗಿ ಬಂದು, ಗುರುತೇ ಬರದ ಹಾಗೆ ಬರೀ ಕೊಬ್ಬು ಹೀರಿ ತೆಗೆಯುತ್ತೇವೆ, ಇವತ್ತೇ ಬುಕ್ ಮಾಡಿದರೆ ಇಎಂಐ ಅಂದಳು. ಕೊಬ್ಬು ಹೀರಿದರೆ ಚೀಲ ಇನ್ನೂ ಖಾಲಿಯಾಗುತ್ತದೆ ಅಷ್ಟೇ. ಚರ್ಮ ಬಿಗಿಯಾಗಿದ್ದು ಕೊಬ್ಬು ಮಾತ್ರ ಇದ್ದವರಿಗೆ ಲೈಪೋಸಕ್ಷನ್, ನನ್ನಂಥವರಿಗಲ್ಲ. ಫ್ರಿಜ್ ಮಾರುವ ಹಾಗೆ ಮಾರುತ್ತಾರೆ ಕಣ್ರೀ. 2022ರ ಮೇ ತಿಂಗಳಲ್ಲಿ ಇದೇ ಊರಲ್ಲಿ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಸರ್ಜರಿ ಆದ ಮೇಲೆ ತೀರಿಕೊಂಡರು. 21 ವರ್ಷ. ಆ ಸುದ್ದಿ ಬಂದಾಗಿಂದ ಅಮ್ಮನಿಗೆ ಭಯ. ಅದಕ್ಕೇ ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯಾ, ಗೋಡೆ ಮೇಲೆ ಕೆಪಿಎಂಇ ನೋಂದಣಿ ಪತ್ರ, ಅಂದರೆ ಖಾಸಗಿ ಆಸ್ಪತ್ರೆಗೆ ರಾಜ್ಯ ಸರ್ಕಾರ ಕೊಡುವ ನೋಂದಣಿ, ಇದೆಯಾ, ಅರಿವಳಿಕೆ ಡಾಕ್ಟರ್ ಯಾರು, ಏನಾದರೂ ಆದರೆ ಐಸಿಯು ಇದೇ ಕಟ್ಟಡದಲ್ಲಿದೆಯಾ, ಇಷ್ಟನ್ನೂ ಅಮ್ಮನೇ ಕೇಳಿದರು, ನನಗೆ ಮುಜುಗರ ಆಗುವಷ್ಟು ಜೋರಾಗಿ. ಕೇಳಿದ್ದು ಸರಿ.

ಈಗ ಬಿಲ್. ಇದನ್ನು ನಿಧಾನವಾಗಿ ಹೇಳುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತಿದೆ.

ಎಸ್ಟಿಮೇಟ್ ಚೀಟಿಯಲ್ಲಿ ಇದ್ದದ್ದು 1,60,000 ರೂಪಾಯಿ. ಸರ್ಜನ್, ಅರಿವಳಿಕೆ, ಓಟಿ, ಒಂದು ರಾತ್ರಿಯ ರೂಮ್ ಎಲ್ಲ ಸೇರಿ. ಅಷ್ಟನ್ನೇ ಲೆಕ್ಕ ಹಾಕಿ ಎಫ್‌ಡಿ ಮುರಿಸಿದ್ದೆ. ಡಿಸ್ಚಾರ್ಜ್ ದಿನ ಬೆಳಿಗ್ಗೆ, ಎರಡೂ ಕೈಗೆ ಬ್ಯಾಂಡೇಜ್, ಎರಡೂ ಕಡೆ ಗಾಯದ ನೀರು ಎಳೆಯುವ ಡ್ರೇನ್ ಟ್ಯೂಬ್ ನೇತಾಡುತ್ತಿರುವಾಗ, ಬಿಲ್ಲಿಂಗ್ ಕೌಂಟರ್‌ನಿಂದ ಕರೆ. 1,88,800. ಮಿಕ್ಕ 28,800 ಏನಪ್ಪಾ ಅಂದರೆ ಜಿಎಸ್‌ಟಿ ಮೇಡಂ, ನೂರಕ್ಕೆ 18. ಆಸ್ಪತ್ರೆ ಬಿಲ್‌ಗೆ ಎಲ್ಲಿಯ ಜಿಎಸ್‌ಟಿ ಅಂತ ನಾನು ಜಗಳಕ್ಕೇ ನಿಂತೆ. ಅಪ್ಪನ ಹಾರ್ಟ್ ಆಪರೇಷನ್‌ಗೆ ಇರಲಿಲ್ಲವಲ್ಲ ಅಂದೆ. ಕೌಂಟರ್ ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು, ಅದೇ ಇನ್ನೂ ಸಿಟ್ಟು. ಚಿಕಿತ್ಸೆಗೆ ತೆರಿಗೆ ಇಲ್ಲ, ಆದರೆ ಕೂದಲು ನಾಟಿ, ಕಾಸ್ಮೆಟಿಕ್ ಸರ್ಜರಿ, ಪ್ಲಾಸ್ಟಿಕ್ ಸರ್ಜರಿಗೆ ಆ ವಿನಾಯಿತಿ ಇಲ್ಲ. ಹುಟ್ಟಿನಿಂದ ಬಂದ ತೊಂದರೆ, ಬೆಳವಣಿಗೆಯ ದೋಷ, ಪೆಟ್ಟು, ಅಪಘಾತ, ಇಂಥದ್ದರಿಂದ ಕೆಟ್ಟ ಅಂಗವನ್ನು ಸರಿಪಡಿಸುವುದಾದರೆ ಮಾತ್ರ ಬಿಡುತ್ತಾರೆ. ತೂಕ ಇಳಿಸಿ ಚರ್ಮ ಜೋತು ಬಿದ್ದಿದ್ದು ಪೆಟ್ಟಲ್ಲವಂತೆ. ಚೀಟಿ ಬಿಡಿಸಿ ನೋಡಿದರೆ ಕೆಳಗಡೆ ಸಾಸಿವೆ ಗಾತ್ರದ ಅಕ್ಷರದಲ್ಲಿ ತೆರಿಗೆ ಪ್ರತ್ಯೇಕ ಅಂತ ಇದೆ! ಕನ್ನಡಕ ಹಾಕಿಕೊಂಡು ಓದಬೇಕಿತ್ತು, ಓದಲಿಲ್ಲ. ತಂಗಿ ಗಂಡ ಫೋನ್‌ನಲ್ಲಿ ಹಣ ಕಳಿಸಿದ. ಆಮೇಲೆ ಪ್ರೆಷರ್ ಗಾರ್ಮೆಂಟ್, ಅಂದರೆ ತೋಳನ್ನು ಬಿಗಿಯಾಗಿ ಹಿಡಿಯುವ ಉಡುಪು, ಎರಡು ಜೊತೆ, ಒಂದು ಜೊತೆಗೆ 3,400ರಂತೆ 6,800. ರಕ್ತ ಪರೀಕ್ಷೆ, ಮಾತ್ರೆ ಸೇರಿ 5,150. ಒಟ್ಟು 2,00,750. ಆ ಏಳುನೂರೈವತ್ತು ನೋಡಿದರೆ ಬೇಕಂತಲೇ ಕೆಣಕಿದ ಹಾಗಿದೆ.

ಇನ್ಶೂರೆನ್ಸ್ ಇಲ್ಲವಾ ಅಂತ ಕೇಳುತ್ತೀರಿ. ಇದೆ, ಬರುವುದಿಲ್ಲ. ಪಾಲಿಸಿ ಪುಸ್ತಕದಲ್ಲಿ ಎಕ್ಸ್‌ಕ್ಲೂಷನ್ 08 ಅಂತ ಇರುತ್ತದೆ, ತೆಗೆದು ನೋಡಿ, ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಗೆ ದುಡ್ಡು ಕೊಡುವುದಿಲ್ಲ ಅನ್ನುವ ಷರತ್ತು ಅದು. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದ ಮೇಲೆ ಸರಿಪಡಿಸೋಕೆ, ಇಲ್ಲವೇ ಆರೋಗ್ಯಕ್ಕೆ ಇರುವ ತಕ್ಷಣದ ಅಪಾಯ ತಪ್ಪಿಸೋಕೆ ಬೇಕೇ ಬೇಕು ಅಂತ ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಕೊಡುತ್ತಾರೆ. ಗಂಧೆಯ ಫೋಟೋ ಕಳಿಸಿದೆ. ಒಪ್ಪಲಿಲ್ಲ.

ಇದು ಆಸ್ಪತ್ರೆ ಹೊರಗಿನ ಎಳನೀರು. ಒಳಗೆ ಶೂಟ್ ಮಾಡುವಂತಿಲ್ಲ. ಡಾಕ್ಟರ್ ಏನಂದರು ಅಂದರೆ, ಎಡಗೈ ಚೆನ್ನಾಗಿದೆ. ಬಲಗೈ ಕಂಕುಳ ಹತ್ತಿರ ಹೊಲಿಗೆ ತೊಗರಿಬೇಳೆಯಷ್ಟು ಬಿಟ್ಟುಕೊಂಡಿದೆ. ಅದು ಎಲ್ಲಕ್ಕಿಂತ ಎಳೆತ ಇರುವ, ಬೆವರುವ ಜಾಗ, ಅಲ್ಲೇ ಬಿಡುವುದು ಜಾಸ್ತಿಯಂತೆ. ಡ್ರೆಸ್ಸಿಂಗ್ ಮಾಡಿದರೆ ತಾನೇ ಮುಚ್ಚಿಕೊಳ್ಳುತ್ತದೆ ಅಂದರು. ಸಿಗರೇಟ್ ಸೇದುವವರಿಗೆ, ಶುಗರ್ ಹಿಡಿತದಲ್ಲಿ ಇಲ್ಲದವರಿಗೆ ಇದು ದೊಡ್ಡದಾಗುತ್ತದೆ. ಅದಕ್ಕೇ ಮುಂಚೆಯೇ ವಾರಗಟ್ಟಲೆ ಸಿಗರೇಟ್ ಬಿಡಿಸುತ್ತಾರೆ. ತೂಕವೂ ಆರು ತಿಂಗಳಾದರೂ ಒಂದೇ ಕಡೆ ನಿಂತಿರಬೇಕು. ನನ್ನನ್ನು ಒಂದು ಸಲ ವಾಪಸ್ ಕಳಿಸಿದ್ದರು, ಆಚೆ ವರ್ಷದ ದಸರೆಯಲ್ಲಿ ನಾಲ್ಕು ಕೆಜಿ ಏರಿದ್ದೆ. ಒಬ್ಬಟ್ಟು.

ಡ್ರೇನ್ ಹೇಗಿರುತ್ತದೆ ಅಂತ ಕೇಳಿದ್ದಿರಿ. ದಾಳಿಂಬೆ ಗಾತ್ರದ ಪ್ಲಾಸ್ಟಿಕ್ ಬುರುಡೆ, ಚರ್ಮದ ಕೆಳಗೆ ಸೇರುವ ನೀರನ್ನು ಎಳೆಯುತ್ತದೆ. ಎಲ್ಲರಿಗೂ ಹಾಕುವುದಿಲ್ಲ. ಅಮ್ಮ ದಿನಾ ಅದನ್ನು ಲೋಟಕ್ಕೆ ಬಗ್ಗಿಸಿ, ಎಷ್ಟು ಎಂಎಲ್ ಅಂತ ಹಾಲಿನ ಲೆಕ್ಕದ ಕ್ಯಾಲೆಂಡರ್‌ನಲ್ಲೇ ಬರೆದಿಟ್ಟಿದ್ದಾರೆ, ನೋಡಿ. ಹಾಲು ಒಂದು ಲೀಟರ್, ಬಲ 35, ಎಡ 28. ಐದನೇ ದಿನ ತೆಗೆದರು.

ಇನ್ನೊಂದು, ಇದು ಮಾತ್ರ ಕೇಳಿ. ಮುಂಗೈ ಒಳಭಾಗ ನನಗೆ ಇನ್ನೂ ಜೋಮು. ಮೊಣಕೈ ಮೇಲೆ ಚರ್ಮದ ಹತ್ತಿರವೇ ಒಂದು ನರ ಹಾದುಹೋಗುತ್ತದೆ, ಅದಕ್ಕೆ ಎಳೆತ ಬಿದ್ದರೆ, ಪೆಟ್ಟಾದರೆ ಹೀಗಾಗುತ್ತದೆ. ತಿಂಗಳುಗಳಲ್ಲಿ ಸರಿಹೋಗಬಹುದು, ಕೆಲವರಿಗೆ ಉಳಿದೂ ಹೋಗುತ್ತದೆ. ಮೊನ್ನೆ ಗಾಂಧಿ ಬಜಾರಿನಲ್ಲಿ ಬೈ ಟು ಕಾಫಿ ಕುಡಿಯುವಾಗ ಸ್ಟೀಲ್ ಲೋಟ ಅಲ್ಲಿಗೆ ಒರಗಿತ್ತು. ಗೊತ್ತೇ ಆಗಲಿಲ್ಲ. ಗೆಳತಿ ಕೂಗಿದಾಗ ನೋಡಿದರೆ ಚರ್ಮ ಕೆಂಪಾಗಿತ್ತು. ಈಗ ಒಲೆ ಹತ್ತಿರ ಕಣ್ಣಿಟ್ಟೇ ಕೈ ಆಡಿಸುತ್ತೇನೆ.

ಎದುರು ಮನೆ ಆಂಟಿ ನನ್ನ ಕೈ ನೋಡಿ ನಾನೂ ಮಾಡಿಸಲಾ ಅಂದರು. ಅವರಿಗೆ ಸ್ತನ ಕ್ಯಾನ್ಸರ್ ಆಗಿ ಕಂಕುಳ ಗಂಟು ತೆಗೆದಿದ್ದಾರೆ. ಅಂಥವರು ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಇದರ ಹತ್ತಿರವೂ ಹೋಗಬಾರದು, ಕೈ ಊದಿಕೊಂಡು ಹಾಗೇ ನಿಲ್ಲುವ ಅಪಾಯ ಇದೆ. ಸರ್ಜರಿ ಆದವರಿಗೆ ಒಂದೇ ಕೈ ದಿಢೀರ್ ಅಂತ ಊದಿದರೆ, ಜ್ವರ ಬಂದರೆ, ಮೀನಖಂಡ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ರಾತ್ರಿ ಎರಡು ಗಂಟೆ ಆದರೂ ಆಸ್ಪತ್ರೆಗೆ ಓಡಿ. ಫೋನ್ ಮಾಡಿ ಬೆಳಿಗ್ಗೆವರೆಗೆ ಕಾಯಬೇಡಿ.

ಇದು ನಮ್ಮ ಟೈಲರ್ ಅಂಗಡಿ. ಮಾರ್ಚ್‌ನಲ್ಲಿ ಮದುವೆ ಇದೆ. ತೋಳು ಎಷ್ಟು ಉದ್ದ ಮೇಡಂ ಅಂದರು. ಮೊಣಕೈವರೆಗೆ ಅಂದೆ. ಮೊದಲೂ ಮೊಣಕೈ ತೋಳು, ಈಗಲೂ ಮೊಣಕೈ ತೋಳು. ಎರಡು ಲಕ್ಷ! ಅಂಗಡಿಯಲ್ಲೇ ನಗು ಬಂತು, ನಕ್ಕರೆ ಹೊಲಿಗೆ ಎಳೆಯುತ್ತದೆ. ಆಮೇಲೆ ಟೇಪ್ ಹಿಡಿದರು. ಮೊದಲೆಲ್ಲ ಎದೆ ಅಳತೆಗೆ ಹೊಲಿದರೆ ತೋಳು ಹಿಡಿಯುತ್ತಿತ್ತು, ತೋಳಿನ ಅಳತೆಗೆ ಹೊಲಿದರೆ ಎದೆ ದೊಗಳೆ. ಈ ಸಲ ಹಳೇ ಚೀಟಿಯಲ್ಲಿದ್ದ ಸಂಖ್ಯೆ ಹೊಡೆದುಹಾಕಿ ಹೊಸದು ಬರೆದರು, ಊತ ಇನ್ನೂ ಇದೆ, ಒಂದಿಂಚು ಒಳಗೆ ಬಿಡಿ ಅಂದೆ. ಬೆಳಿಗ್ಗೆ ಯಾರಾದರೂ ಕೇಳಿದ್ದರೆ ಮಾಡಿಸಬೇಡಿ ಅಂತಲೇ ಹೇಳುತ್ತಿದ್ದೆ. ಆ ಟೇಪ್ ನೋಡಿದ ಮೇಲೆ ಅಷ್ಟು ಖಡಕ್ಕಾಗಿ ಹೇಳೋಕೆ ಆಗುತ್ತಿಲ್ಲ.

ವಾಪಸ್ ಮನೆ. ಇದು ಗಾರ್ಮೆಂಟ್ ಹಾಕಿಕೊಳ್ಳುವ ಶಾಟ್, ಇಪ್ಪತ್ತು ನಿಮಿಷವನ್ನು ಓಡಿಸಿದ್ದೇನೆ. ಒಟ್ಟು ಆರು ವಾರ ಹಾಕಬೇಕು ಅಂದಿದ್ದಾರೆ, ಚಳಿಗಾಲಕ್ಕೆ ಸರಿ, ಏಪ್ರಿಲ್‌ನಲ್ಲಿ ಆಗಿದ್ದರೆ ಅಳುತ್ತಿದ್ದೆ. ಆಫೀಸ್‌ಗೆ ಮುಂದಿನ ವಾರ ಹೋಗುತ್ತೇನೆ. ಡಾಕ್ಟರ್ ಎರಡು ವಾರಕ್ಕೇ ಕೂತು ಮಾಡುವ ಕೆಲಸ ಮಾಡಬಹುದು ಅಂದಿದ್ದರು, ನಾನೇ ರಜೆ ಎಳೆದೆ. ನೀರಿನ ಕ್ಯಾನ್ ಮಾತ್ರ ಆರು ವಾರ ಮುಟ್ಟುವಂತಿಲ್ಲ.

ಕೊನೆಯ ಶಾಟ್. ಅವರೆಕಾಳು ಹಿತುಕುತ್ತಿದ್ದೇನೆ, ಇದಕ್ಕೆ ಕೈ ಎತ್ತಬೇಕಿಲ್ಲ, ಅಮ್ಮನಿಗೆ ಅದು ಚೆನ್ನಾಗಿ ಗೊತ್ತು, ಅದಕ್ಕೇ ಎರಡು ಕೆಜಿ ನೆನೆಹಾಕಿದ್ದಾರೆ. ಕ್ಯಾಮೆರಾ ಫ್ರಿಜ್ ಮೇಲೆ ಇಟ್ಟಿದ್ದು ಅಮ್ಮನೇ. ನಾನು ಎದ್ದು ಆಫ್ ಮಾಡೋಕೆ ಹೋಗಿ ಅರ್ಧದಲ್ಲೇ ನಿಂತಿದ್ದು ನೋಡಿ, ಕೈ ಅಲ್ಲಿಗೆ ಹೋಗುವಂತಿಲ್ಲ. ಅಮ್ಮಾ, ಸ್ವಲ್ಪ ಬಾ ಅಂತ ಕೂಗಿದೆ. ಸಿಪ್ಪೆ ಅಂಟಿದ ಆ ಬೆರಳು ಲೆನ್ಸ್ ಮೇಲೆ ಬಂತಲ್ಲ, ಅದು ಅವರದು.